ಮಕ್ಕಳ ಕೈಗೆ ಕೂಪನ್ ಪುಸ್ತಕ ಕೊಡುವ ಮೊದಲು

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಗೇಟಿನ ಬಳಿ ಆರನೆಯ ತರಗತಿಯ ಇಬ್ಬರು ಹುಡುಗಿಯರು ನಿಂತಿದ್ದರು. ಒಬ್ಬಳ ಕೈಯಲ್ಲಿ ಲಕ್ಕಿ ಡ್ರಾ ಕೂಪನ್‌ಗಳ ಪುಸ್ತಕವಿತ್ತು, ಇನ್ನೊಬ್ಬಳ ಕೈಯಲ್ಲಿ ಚಿಲ್ಲರೆ ಹಾಕಿಕೊಂಡ ಜಾಮಿಟ್ರಿ ಬಾಕ್ಸ್. ಶಾಲೆಗೆ ಹೊಸ ಧ್ವನಿವರ್ಧಕ ಬೇಕಾಗಿದೆಯೆಂದೂ, ಕೂಪನ್ನಿಗೆ ಇಪ್ಪತ್ತು ರೂಪಾಯಿಯೆಂದೂ, ಮೊದಲ ಬಹುಮಾನ ಮಿಕ್ಸಿಯೆಂದೂ ಬಾಯಿಪಾಠ ಒಪ್ಪಿಸುವವರಂತೆ ಹೇಳಿದರು. ಇಪ್ಪತ್ತೈದು ಕೂಪನ್‌ಗಳ ಪುಸ್ತಕದಲ್ಲಿ ಹೋಗಿದ್ದುದು ನಾಲ್ಕು ಮಾತ್ರ. ಉಳಿದವನ್ನು ಏನು ಮಾಡುತ್ತೀಯಮ್ಮ ಎಂದು ಕೇಳಿದೆ. “ಅಮ್ಮ ತಗೋತಾಳೆ ತಾತ, ಹೋದ ವರ್ಷಾನೂ ಅಮ್ಮನೇ ತಗೊಂಡಿದ್ದು” ಎಂದಳು. ಆ ತಾಯಿ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ಹೊಲಿಗೆ ಕೆಲಸ ಮಾಡುವವರೆಂದು ಮಾತಿನಲ್ಲಿ ತಿಳಿಯಿತು. ಉಳಿದ ಕೂಪನ್‌ಗಳನ್ನು ಹಿಂದಿರುಗಿಸಲು ಮಗಳು ನಾಚುತ್ತಾಳೆಂಬ ಒಂದೇ ಕಾರಣಕ್ಕೆ ಆಕೆ ತನ್ನ ಸಂಬಳದಿಂದ ನಾನೂರು ಚಿಲ್ಲರೆ ರೂಪಾಯಿ ತೆಗೆದುಕೊಡುತ್ತಾರೆ. ಶಾಲೆಯ ಲೆಕ್ಕದಲ್ಲಿ ಅದು ‘ಸಾರ್ವಜನಿಕರಿಂದ ಸಂಗ್ರಹ’ ಎಂದು ಜಮಾ ಆಗುತ್ತದೆ.

ಆ ಶಾಲೆ ಯಾವುದೆಂದು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ನನ್ನ ದೂರು ಒಂದು ಶಾಲೆಯ ಮೇಲಿನದಲ್ಲ. ರಾಜ್ಯೋತ್ಸವ ಮುಗಿದು ವಾರ್ಷಿಕೋತ್ಸವಗಳ ಕಾಲ ಬಂತೆಂದರೆ ಬೆಂಗಳೂರಿನ ಶಾಲೆಗಳು, ಹಳೆಯ ವಿದ್ಯಾರ್ಥಿ ಸಂಘಗಳು, ಬಡಾವಣೆಯ ಕನ್ನಡ ಸಂಘಗಳು, ಮಹಿಳಾ ಮಂಡಳಿಗಳು ಎಲ್ಲವೂ ಹಣ ಎತ್ತುವ ಯೋಚನೆಗೆ ತೊಡಗುತ್ತವೆ. ನಗರದ ದಕ್ಷಿಣ ಭಾಗದ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಹಳೆಯ ವಿದ್ಯಾರ್ಥಿ ಸಂಘಕ್ಕೆ ನಾನು ಹದಿನಾಲ್ಕು ವರ್ಷಗಳಿಂದ ಖಜಾಂಚಿ. ಅದಕ್ಕೂ ಮೊದಲು ಮೂವತ್ನಾಲ್ಕು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವನು. ಈ ಅವಧಿಯಲ್ಲಿ ನಮ್ಮ ಸಂಘ ಮಾಡಿದ ತಪ್ಪುಗಳ ಲೆಕ್ಕವೂ ನನ್ನ ಬಳಿಯೇ ಇದೆ. ಬೇರೆ ಸಂಘಗಳಿಗೆ ಉಪಯೋಗವಾದೀತೆಂಬ ಆಸೆಯಿಂದ ಅದನ್ನು ತಮ್ಮ ಪತ್ರಿಕೆಯ ಮೂಲಕ ಓದುಗರ ಮುಂದಿಡುತ್ತಿದ್ದೇನೆ.

ಮೊದಲು ಲಕ್ಕಿ ಡ್ರಾ ವಿಷಯವನ್ನೇ ಹೇಳಿಬಿಡುತ್ತೇನೆ. ದುಡ್ಡು ಪಡೆದು ಕೂಪನ್ ಮಾರಿ ಚೀಟಿ ಎತ್ತಿ ಬಹುಮಾನ ಕೊಡುವುದಕ್ಕೆ ಯಾವ ಹೆಸರಿಟ್ಟರೂ ಅದು ಲಾಟರಿಯೇ. ನಮ್ಮ ರಾಜ್ಯದಲ್ಲಿ 2007ರಲ್ಲಿಯೇ ಲಾಟರಿಯನ್ನು ನಿಷೇಧಿಸಲಾಗಿದೆ. ಸರ್ಕಾರದ ಅನುಮತಿಯಿಲ್ಲದೆ ಲಾಟರಿ ನಡೆಸುವುದು ಹಳೆಯ ಭಾರತೀಯ ದಂಡ ಸಂಹಿತೆಯ 294ಎ ಕಲಮಿನಲ್ಲಿ ಅಪರಾಧವಾಗಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 297ನೇ ಕಲಮಿನಲ್ಲಿಯೂ ಅಪರಾಧವೇ ಆಗಿದೆ. ಶಾಲೆಯ ಒಳ್ಳೆಯ ಉದ್ದೇಶಕ್ಕೆಂದು ಪೊಲೀಸರು ಕಣ್ಣು ಮುಚ್ಚಿಕೊಳ್ಳಬಹುದು. ಆದರೆ ಕಾನೂನು ಪಾಲಿಸಬೇಕೆಂದು ಪಾಠ ಹೇಳುವ ಸಂಸ್ಥೆ ಅದೇ ಮಕ್ಕಳ ಕೈಯಿಂದ ಕಾನೂನು ಮುರಿಸುವುದು ಎಷ್ಟು ಸರಿ? ಹನ್ನೊಂದು ವರ್ಷದ ಮಗುವೊಂದು ಅಪರಿಚಿತರ ಬಾಗಿಲು ತಟ್ಟಿ ದುಡ್ಡು ಕೇಳುತ್ತಾ, ನಗದು ಹಿಡಿದುಕೊಂಡು ಬೀದಿ ಬೀದಿ ಅಲೆಯುವುದರ ಅಪಾಯವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಚಿಲ್ಲರೆ ಕಳೆದುಹೋದರೆ ತುಂಬಿಕೊಡುವವರು ಮತ್ತೆ ಆ ತಾಯಿಯೇ.

ಯಾವ ದಾರಿಯಲ್ಲಿ ಹೆಚ್ಚು ಹಣ ಬರುತ್ತದೆ ಎಂಬುದೇ ನಮ್ಮ ಸಭೆಗಳಲ್ಲಿ ಏಳುವ ಮೊದಲ ಪ್ರಶ್ನೆ. ಅದಕ್ಕೂ ಮೊದಲು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕಿತ್ತೆಂಬುದು ನಮಗೆ ತಡವಾಗಿ ತಿಳಿಯಿತು. ನಮಗಿರುವ ಅಗತ್ಯ ಒಂದು ಸಲದ್ದೋ, ತಿಂಗಳು ತಿಂಗಳು ಬರುವಂಥದ್ದೋ? ಮತ್ತು ನಾವು ಆರಿಸಿದ ದಾರಿಯಲ್ಲಿ ಹಣ ಕೊನೆಗೂ ಯಾರ ಜೇಬಿನಿಂದ ಹೊರಡುತ್ತದೆ? ಈ ಎರಡಕ್ಕೆ ಉತ್ತರ ಸಿಕ್ಕಿದರೆ ಮೇಳವೋ, ನಾಟಕವೋ, ವಂತಿಗೆಯೋ, ದೊಡ್ಡ ದಾನಿಯೋ ಎಂಬುದು ಬಹುಮಟ್ಟಿಗೆ ತಾನಾಗಿಯೇ ಇತ್ಯರ್ಥವಾಗುತ್ತದೆ.

ಹನ್ನೊಂದು ವರ್ಷಗಳ ಹಿಂದೆ ನಮ್ಮ ಶಾಲೆಯ ಹೆಣ್ಣುಮಕ್ಕಳಿಗೆ ಎರಡು ಶೌಚಾಲಯ ಕಟ್ಟಿಸಬೇಕೆಂದು ಸಂಘ ತೀರ್ಮಾನಿಸಿತು. ಅಂದಾಜು ವೆಚ್ಚ ಮೂರು ಲಕ್ಷ ಅರವತ್ತು ಸಾವಿರ. ಸಭೆಯಲ್ಲಿದ್ದ ಎಲ್ಲರಿಗೂ ರಸಮಂಜರಿ ಕಾರ್ಯಕ್ರಮದ ಮೇಲೆ ಮನಸ್ಸು. ಮೂರು ತಿಂಗಳು ನಲವತ್ತು ಜನ ದುಡಿದೆವು. ಟಿಕೆಟ್ ಹಾಗೂ ಸ್ಮರಣ ಸಂಚಿಕೆಯ ಜಾಹೀರಾತುಗಳಿಂದ ಒಂದು ಲಕ್ಷ ನಲವತ್ತೆರಡು ಸಾವಿರ ಬಂತು. ವಾದ್ಯವೃಂದ, ಧ್ವನಿ, ಬೆಳಕು, ಶಾಮಿಯಾನ, ಜನರೇಟರ್, ಮುದ್ರಣ, ಕಲಾವಿದರ ಊಟ, ಅತಿಥಿಗಳ ಹಾರ, ಶಾಲು, ಸ್ಮರಣಿಕೆ, ಇವೆಲ್ಲ ಕಳೆದು ಉಳಿದದ್ದು ಇಪ್ಪತ್ಮೂರು ಸಾವಿರ. ಟಿಕೆಟ್ ಕೊಂಡವರ ಪಟ್ಟಿಯನ್ನು ನಾನು ಆಮೇಲೆ ಒಂದು ರಾತ್ರಿ ಕುಳಿತು ನೋಡಿದಾಗ ಅರ್ಧಕ್ಕಿಂತ ಹೆಚ್ಚು ಜನ ನಮ್ಮ ಸದಸ್ಯರು ಮತ್ತು ಅವರ ಬಂಧುಗಳೇ ಆಗಿದ್ದರು. ಅಂದರೆ ಬಹಳಷ್ಟು ಹಣವನ್ನು ನಮ್ಮ ಕೈಯಿಂದಲೇ ಎತ್ತಿ, ಒಂದು ಲಕ್ಷಕ್ಕೂ ಮೀರಿದ್ದನ್ನು ಶಾಮಿಯಾನದವರಿಗೂ ಧ್ವನಿವರ್ಧಕದವರಿಗೂ ಕೊಟ್ಟು, ಶೌಚಾಲಯದ ಒಂದು ಗೋಡೆಗೂ ಸಾಲದ ಹಣವನ್ನು ಉಳಿಸಿಕೊಂಡಿದ್ದೆವು.

ಆ ಸೋಲಿನ ನಂತರ ಒಬ್ಬ ಹಿರಿಯ ಸದಸ್ಯರು, ಇದೇ ಶಾಲೆಯಲ್ಲಿ ಅಕ್ಷರ ಕಲಿತ ನಿವೃತ್ತ ಉಪಾಧ್ಯಾಯಿನಿ, ಇನ್ನು ಮುಂದೆ ನೇರವಾಗಿ ಕೇಳೋಣ ಎಂದರು. ಹಳೆಯ ಹಾಜರಿ ಪುಸ್ತಕಗಳಿಂದ ಹೆಸರು ಹುಡುಕಿ, ಚೆನ್ನಾಗಿ ನೆಲೆ ನಿಂತ ಇಪ್ಪತ್ತು ಜನರ ಮನೆಗಳಿಗೆ ಇಬ್ಬಿಬ್ಬರಂತೆ ಹೋದೆವು. ಕೈಯಲ್ಲಿ ಇದ್ದುದು ಎಂಜಿನಿಯರ್ ಬರೆದುಕೊಟ್ಟ ಅಂದಾಜು ಪಟ್ಟಿ ಮತ್ತು ಹಳೆಯ ಶೌಚಾಲಯದ ಎರಡು ಫೋಟೋ, ಅಷ್ಟೆ. ಒಂಬತ್ತು ಜನ ತಲಾ ಇಪ್ಪತ್ತೈದು ಸಾವಿರ ಕೊಟ್ಟರು, ಒಬ್ಬರು ಐವತ್ತು ಸಾವಿರ ಕೊಟ್ಟರು. ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ನಮ್ಮ ಸಹಪಾಠಿಯೊಬ್ಬರು ದುಡ್ಡು ಕೊಡಲಾರೆನೆಂದು ಹೇಳಿ, ಉಳಿದ ಅರವತ್ತೆರಡು ಸಾವಿರದಷ್ಟು ಬೆಲೆಯ ಟೈಲ್ಸ್, ಪೈಪು, ನಲ್ಲಿಗಳನ್ನು ಗಾಡಿಯಲ್ಲಿ ಹೇರಿ ಕಳಿಸಿದರು. ಎಲ್ಲ ಸೇರಿ ಆರು ವಾರ ಹಿಡಿಯಿತು. ಕೇಳುವುದಕ್ಕೆ ನಾಲಗೆ ಹೊರಳದೆ ನಾವು ಮೂರು ತಿಂಗಳು ರಸಮಂಜರಿಯ ಹಿಂದೆ ಅಡಗಿಕೊಂಡಿದ್ದೆವೆಂಬುದು ನನಗೆ ಅಂದು ಸ್ಪಷ್ಟವಾಯಿತು.

ಹಾಗೆಂದು ರಸಮಂಜರಿ, ನಾಟಕ, ಸಂತೆ, ಮೇಳಗಳನ್ನು ಮಾಡಲೇಬಾರದೆಂದು ನಾನು ಹೇಳುತ್ತಿಲ್ಲ. ಬಡಾವಣೆಯ ಜನ ಒಂದೆಡೆ ಸೇರಲು, ಹೊಸಬರಿಗೆ ಶಾಲೆಯ ಪರಿಚಯವಾಗಲು, ಹಳೆಯ ವಿದ್ಯಾರ್ಥಿಗಳು ಮತ್ತೆ ಅಂಗಳಕ್ಕೆ ಕಾಲಿಡಲು ಅವು ಬೇಕು. ಖರ್ಚು ಹುಟ್ಟಿದರೆ ಸಾಕೆಂದುಕೊಂಡು ಮಾಡಬೇಕು. ತಿಂಡಿ ಮೇಳ ಮಾಡುವವರು ಕಾಲವನ್ನು ನೋಡಿಕೊಳ್ಳಲಿ. ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಸಂಜೆ ಮಳೆಯನ್ನು ನಂಬಿ ಶಾಮಿಯಾನ ಹಾಕುವಂತಿಲ್ಲ, ಮಾರ್ಚಿಗೆ ಹೋದರೆ ಪರೀಕ್ಷೆ. ಅವರೆಬೇಳೆ ಮೇಳ ನಡೆಯುವ ಜನವರಿಯೇ ಇದಕ್ಕೆ ಹೇಳಿ ಮಾಡಿಸಿದ ಕಾಲ. ಶಾಲೆಯ ಆವರಣದಲ್ಲಿ ಮತ್ತು ಅದರ ಸುತ್ತಲಿನ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಅತಿಯಾಗಿರುವ ತಿನಿಸುಗಳನ್ನು ಮಕ್ಕಳಿಗೆ ಮಾರುವಂತಿಲ್ಲವೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮಾವಳಿ ಹೇಳುತ್ತದೆ; ಹಾಗಾಗಿ ಚಿಪ್ಸ್ ಮತ್ತು ತಂಪು ಪಾನೀಯದ ಕಂಪನಿಗಳ ಪ್ರಾಯೋಜಕತ್ವವನ್ನು ಬಿಟ್ಟುಬಿಡುವುದು ಒಳ್ಳೆಯದು. ಇನ್ನೊಂದು ಮಾತು: ಮನೆಯಿಂದ ಕಾಳು, ಎಣ್ಣೆ, ಗ್ಯಾಸ್ ಹಾಕಿ ಅಡುಗೆ ಮಾಡಿ ತಂದ ತಾಯಂದಿರ ಖರ್ಚನ್ನು ಯಾರೂ ಲೆಕ್ಕದ ಪುಸ್ತಕದಲ್ಲಿ ಬರೆಯುವುದಿಲ್ಲ. ಬರೆದರೆ ಎಷ್ಟೋ ಮೇಳಗಳ ಲಾಭ ಅಲ್ಲಿಯೇ ಕರಗುತ್ತದೆ.

ಈಗ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಮೇಲೆ ಹೇಳಿದ ಶೌಚಾಲಯಗಳನ್ನು ಕಟ್ಟಿಸಿ ಉದ್ಘಾಟನೆ ಮಾಡಿದ ಒಂದೂಕಾಲು ವರ್ಷಕ್ಕೆ ಅವುಗಳಿಗೆ ಬೀಗ ಬಿದ್ದಿತ್ತು. ಶುಚಿ ಮಾಡುವವರಿಗೆ ಸಂಬಳವಿರಲಿಲ್ಲ, ನೀರಿನ ಮೋಟಾರು ಸುಟ್ಟುಹೋಗಿತ್ತು, ಫಿನಾಯಿಲಿಗೆ ಮುಖ್ಯ ಶಿಕ್ಷಕಿ ತಮ್ಮ ಕೈಯಿಂದ ಹಾಕುತ್ತಿದ್ದರು. ದಾನಿಗಳ ಹೆಸರು ಕೆತ್ತಿದ ಕಲ್ಲು ಮಾತ್ರ ಹೊಳೆಯುತ್ತಿತ್ತು. ಒಂದು ಸಲದ ಅಗತ್ಯಕ್ಕೆ ನಾವು ಸರಿಯಾದ ದಾರಿ ಹುಡುಕಿದ್ದೆವು, ಆದರೆ ಅದರ ಬೆನ್ನಿಗೇ ಪ್ರತಿ ತಿಂಗಳ ಅಗತ್ಯವೊಂದು ಹುಟ್ಟುತ್ತದೆಂಬುದನ್ನು ಯೋಚಿಸಿರಲಿಲ್ಲ. ದೊಡ್ಡ ದಾನಿಗಳ ಬಳಿಗೆ ಮತ್ತೆ ಹೋದರೆ ಅವರು ಗೋಡೆಗೆ ಕೊಟ್ಟಾರು, ಗ್ರಂಥಾಲಯಕ್ಕೆ ಕೊಟ್ಟಾರು. ಪೊರಕೆಗೂ ಆಯಾಳ ಸಂಬಳಕ್ಕೂ ಕೊಡುವವರನ್ನು ನಾನು ಕಂಡದ್ದು ಕಡಿಮೆ.

ಆಗ ನನಗೆ ನೆನಪಾದದ್ದು ನಮ್ಮ ತಂದೆ. 1940ರ ದಶಕದಲ್ಲಿ ತುಮಕೂರು ಕಡೆಯ ಹಳ್ಳಿಯಿಂದ ಓದಲು ಬೆಂಗಳೂರಿಗೆ ಬಂದ ಅವರು ನಾಲ್ಕು ವರ್ಷ ವಾರಾನ್ನದಲ್ಲಿ ಬೆಳೆದರು. ಸೋಮವಾರ ಚಾಮರಾಜಪೇಟೆಯ ಒಂದು ಮನೆ, ಮಂಗಳವಾರ ಬಸವನಗುಡಿಯ ಇನ್ನೊಂದು ಮನೆ, ಹೀಗೆ ಏಳು ಮನೆಗಳಲ್ಲಿ ಏಳು ದಿನದ ಊಟ. ಆ ಪದ್ಧತಿ ಬಹುಪಾಲು ಜಾತಿಯ ಗೋಡೆಯೊಳಗೇ ನಡೆಯುತ್ತಿತ್ತು, ಎಷ್ಟೋ ಹುಡುಗರಿಗೆ ಆ ಊಟದ ಜೊತೆ ಅವಮಾನವೂ ಬಡಿಸಲ್ಪಡುತ್ತಿತ್ತು. ಅದನ್ನು ಮರಳಿ ತರಬೇಕೆಂದು ನಾನು ಹೇಳುವುದಿಲ್ಲ. ನನ್ನನ್ನು ಸೆಳೆದದ್ದು ಅದರ ಲೆಕ್ಕಾಚಾರ. ಒಬ್ಬ ಹುಡುಗನನ್ನು ನಾಲ್ಕು ವರ್ಷ ಸಾಕುವ ಭಾರವನ್ನು ಯಾವ ಒಂದು ಬಡ ಗುಮಾಸ್ತನ ಮನೆಯೂ ಹೊರಲಾರದು. ವಾರಕ್ಕೊಂದು ಎಲೆ ಹೆಚ್ಚಿಗೆ ಹಾಕುವುದು ಮಾತ್ರ ಎಲ್ಲರಿಗೂ ಸಾಧ್ಯ. ಯಾವ ಮನೆಗೂ ಭಾರವಾಗಲಿಲ್ಲ, ಯಾವ ದಿನವೂ ತಪ್ಪಲಿಲ್ಲ.

ಬ್ಯಾಂಕಿನ ಕೆಲಸದಲ್ಲಿಯೂ ನಾನು ಇದೇ ಲೆಕ್ಕವನ್ನು ಕಂಡಿದ್ದೆ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿದಾಗ ದಿನಕ್ಕೆ ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಮನೆ ಬಾಗಿಲಿಗೇ ಹೋಗಿ ಪಡೆಯುತ್ತಿದ್ದರು. ಆ ಯೋಜನೆ ಬಾಳಿದ್ದಕ್ಕೆ ಮೊತ್ತ ಚಿಕ್ಕದಾಗಿದ್ದುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣವೆಂದರೆ ಕೇಳುವವರು ತಪ್ಪದೆ ಬರುತ್ತಿದ್ದರು, ಕೊಟ್ಟದ್ದು ಪುಸ್ತಕದಲ್ಲಿ ಕಣ್ಣೆದುರಿಗೇ ದಾಖಲಾಗುತ್ತಿತ್ತು.

ಈ ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡು ನಾವು ತಿಂಗಳಿಗೆ ಇನ್ನೂರು ರೂಪಾಯಿಯ ವಂತಿಗೆ ಆರಂಭಿಸಿದೆವು. ಮೊದಲ ತಿಂಗಳು ಹದಿನೇಳು ಜನ ಸೇರಿದರು, ಇಂದು ಅರವತ್ತು ಜನರಿದ್ದಾರೆ. ತಿಂಗಳಿಗೆ ಬರುವ ಹನ್ನೆರಡು ಸಾವಿರದಲ್ಲಿ ಅರೆಕಾಲಿಕ ಶುಚಿಗಾರ್ತಿಯ ಸಂಬಳ, ಶುಚಿ ಸಾಮಗ್ರಿ, ಮೋಟಾರು ಮತ್ತು ನಲ್ಲಿಯ ರಿಪೇರಿ ನಡೆಯುತ್ತದೆ. ಉಳಿದರೆ ಮುಂದಿನ ತಿಂಗಳಿಗೆ. ಪ್ರತಿ ತಿಂಗಳ ಐದನೆಯ ತಾರೀಖು ಜಮಾ ಖರ್ಚಿನ ಒಂದು ಹಾಳೆಯನ್ನು ಶಾಲೆಯ ಸೂಚನಾ ಫಲಕಕ್ಕೆ ಅಂಟಿಸಿ, ಅದರ ಫೋಟೋವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತೇವೆ. ನಮ್ಮ ಸಂಘದಲ್ಲಿ ಇದಕ್ಕಾಗಿ ಯಾರೂ ಭಾಷಣ ಮಾಡಿಲ್ಲ, ಯಾರಿಗೂ ಶಾಲು ಹೊದಿಸಿಲ್ಲ. ಶೌಚಾಲಯಗಳಿಗೆ ಆಮೇಲೆ ಒಂದು ದಿನವೂ ಬೀಗ ಬಿದ್ದಿಲ್ಲ.

ಈ ವಂತಿಗೆಯನ್ನು ನಾವು ಈಗ ಓದುತ್ತಿರುವ ಮಕ್ಕಳ ತಂದೆತಾಯಿಯರಿಂದ ಪಡೆಯುವುದಿಲ್ಲ ಎಂಬುದನ್ನು ಒತ್ತಿ ಹೇಳಬೇಕು. 2022ರ ಅಕ್ಟೋಬರಿನಲ್ಲಿ ಸರ್ಕಾರಿ ಶಾಲೆಗಳ ಪೋಷಕರಿಂದ ತಿಂಗಳಿಗೆ ನೂರು ರೂಪಾಯಿ ದೇಣಿಗೆ ಪಡೆಯಲು ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಾದ ಎಸ್‌ಡಿಎಂಸಿಗಳಿಗೆ ಅವಕಾಶ ಕೊಟ್ಟ ಸುತ್ತೋಲೆಯೊಂದನ್ನು ಶಿಕ್ಷಣ ಇಲಾಖೆ ಹೊರಡಿಸಿ, ವ್ಯಾಪಕ ವಿರೋಧ ಬಂದ ಮೇಲೆ ಕೆಲವೇ ದಿನಗಳಲ್ಲಿ ಹಿಂಪಡೆದದ್ದು ಓದುಗರಿಗೆ ನೆನಪಿರಬಹುದು. ಅದರಲ್ಲಿಯೂ ಇದು ಸ್ವಇಚ್ಛೆಯ ದೇಣಿಗೆ ಎಂದೇ ಇತ್ತು. ಆದರೆ ಮಗುವಿಗೆ ಅಂಕ ಕೊಡುವ ಮೇಷ್ಟರ ಎದುರಿನಲ್ಲಿ ಕೂಲಿ ಮಾಡುವ ತಂದೆಗೆ ಇಲ್ಲವೆನ್ನುವ ಇಚ್ಛೆ ಎಲ್ಲಿಂದ ಬರಬೇಕು? 2009ರ ಶಿಕ್ಷಣ ಹಕ್ಕು ಕಾಯ್ದೆ ಉಚಿತ ಶಿಕ್ಷಣವೆಂದು ಬರೆದ ಮೇಲೆ, ಹಣ ಕೇಳುವುದಾದರೆ ಶಾಲೆಯಿಂದ ಪಡೆದು ಹೊರಗೆ ಹೋದವರನ್ನು ಕೇಳಬೇಕು, ಇನ್ನೂ ಒಳಗಿರುವ ಮಕ್ಕಳ ಮನೆಯವರನ್ನಲ್ಲ. ಖಾಸಗಿ ಶಾಲೆಗಳ ಪೋಷಕರ ಸಂಘಗಳಿಗೂ ಈ ಮಾತು ಅಷ್ಟೇ ಅನ್ವಯಿಸುತ್ತದೆ. ಶುಲ್ಕ ಕಟ್ಟಿ ಸೋತವರ ಮುಂದೆ ‘ಕೊಟ್ಟವರ ಪಟ್ಟಿ’ ಓದುವುದು ಒತ್ತಾಯವೇ.

ಸಣ್ಣ ಅಗತ್ಯಗಳಿಗೆ ಹಳೆಯ ಪತ್ರಿಕೆಗಳ ಸಂಗ್ರಹ ಚೆನ್ನಾಗಿ ಒದಗುತ್ತದೆ. ವರ್ಷಕ್ಕೆ ಎರಡು ಸಲ ಸುತ್ತಲಿನ ಅಪಾರ್ಟ್‌ಮೆಂಟುಗಳಿಂದ ಪೇಪರ್, ರಟ್ಟು ತಂದು ಮಾರಿ ಅದರಿಂದಲೇ ನಮ್ಮ ಶಾಲೆಯ ಗ್ರಂಥಾಲಯಕ್ಕೆ ಪುಸ್ತಕ ಕೊಳ್ಳುತ್ತೇವೆ. ಬರುವ ಹಣ ಹೆಚ್ಚಿಲ್ಲ, ಆದರೆ ಖರ್ಚೂ ಇಲ್ಲ, ಯಾರ ಜೇಬಿಗೂ ಕೈ ಹಾಕಿದಂತಾಗುವುದಿಲ್ಲ. ಬಡಾವಣೆಯ ರದ್ದಿ ಅಂಗಡಿಯವರ ಹೊಟ್ಟೆಯ ಮೇಲೆ ಹೊಡೆಯಬಾರದೆಂದು ಅವರಿಗೇ ಮಾರುತ್ತೇವೆ. ಹಳೆಯ ಟಿ.ವಿ., ಕಂಪ್ಯೂಟರುಗಳನ್ನು ಮಾತ್ರ ಮುಟ್ಟುವುದಿಲ್ಲ. ಇ-ತ್ಯಾಜ್ಯವನ್ನು ಅಧಿಕೃತ ಮರುಬಳಕೆದಾರರಿಗೇ ಕೊಡಬೇಕಾಗುತ್ತದೆ.

ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ನಿಧಿಯ ಬಗ್ಗೆ ಈ ಊರಿನಲ್ಲಿ ಎಲ್ಲರಿಗೂ ದೊಡ್ಡ ನಿರೀಕ್ಷೆ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ ನಿಗದಿತ ಗಾತ್ರದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಇಂಥ ಕೆಲಸಗಳಿಗೆ ವಿನಿಯೋಗಿಸಬೇಕೆಂಬುದು ನಿಜ. ಆದರೆ ಅವುಗಳ ಪರವಾಗಿ ಕೆಲಸ ಮಾಡುವ ಸಂಸ್ಥೆ 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ನಮೂನೆಯಲ್ಲಿ ನೋಂದಾಯಿಸಿಕೊಂಡಿರಬೇಕು. ನಮ್ಮಂಥ ಸಣ್ಣ ಸಂಘ ಅಷ್ಟಕ್ಕಾಗಿ ಓಡಾಡುವುದಕ್ಕಿಂತ, ಈಗಾಗಲೇ ನೋಂದಾಯಿತವಾದ ಒಂದು ಟ್ರಸ್ಟಿನ ಜೊತೆ ಸೇರಿ ಕೇಳುವುದು ಸುಲಭ. ಕೊಠಡಿ, ಪ್ರಯೋಗಾಲಯದಂಥ ದೊಡ್ಡ ಕೆಲಸವಿದ್ದಾಗ ಮಾತ್ರ ಈ ದಾರಿ ತಕ್ಕುದು.

ಅಮೆರಿಕದಲ್ಲಿರುವ ಹಳೆಯ ವಿದ್ಯಾರ್ಥಿಗಳಿಂದ ಹಣ ತರಿಸುವವರು ಒಂದನ್ನು ತಿಳಿದಿರಲಿ. ಭಾರತದ ಪೌರತ್ವ ಉಳಿಸಿಕೊಂಡವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ತೊಡಕಿಲ್ಲ. ಅಲ್ಲಿನ ಪೌರತ್ವ ಪಡೆದವರು ಕಳಿಸಿದರೆ ಅದು ವಿದೇಶಿ ದೇಣಿಗೆಯಾಗುತ್ತದೆ, ಅದನ್ನು ಪಡೆಯಲು 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಅಡಿಯಲ್ಲಿ ಅನುಮತಿ ಬೇಕು. ಪ್ರೀತಿಯಿಂದ ಬಂದ ಹಣವೆಂದು ಅಧ್ಯಕ್ಷರ ಖಾತೆಗೆ ಹಾಕಿಸಿಕೊಂಡು ಆಮೇಲೆ ಉತ್ತರ ಹೇಳಲಾರದೆ ಕುಳಿತವರನ್ನು ನಾನು ಬಲ್ಲೆ.

ಖಾತೆಯ ಮಾತು ಬಂದದ್ದರಿಂದ ಖಜಾಂಚಿಯಾಗಿ ಇಷ್ಟನ್ನು ಹೇಳಲೇಬೇಕು. ಯಾವ ದಾರಿ ಹಿಡಿದರೂ ಹಣ ಸಂಘದ ಹೆಸರಿನ, ಇಬ್ಬರು ಸಹಿ ಹಾಕುವ ಖಾತೆಗೇ ಬರಬೇಕು. ಕಾರ್ಯದರ್ಶಿಯವರ ಸ್ವಂತ ಫೋನಿನ ಕ್ಯೂಆರ್ ಕೋಡನ್ನು ಭಿತ್ತಿಪತ್ರದ ಮೇಲೆ ಮುದ್ರಿಸುವ ಅಭ್ಯಾಸ ಈಚೆಗೆ ಬಹಳವಾಗಿದೆ. ಅವರು ಎಷ್ಟೇ ಪ್ರಾಮಾಣಿಕರಾಗಿದ್ದರೂ ಅವರ ಮನೆಯ ಹಾಲಿನ ದುಡ್ಡೂ ಶಾಲೆಯ ದುಡ್ಡೂ ಒಂದೇ ಪಟ್ಟಿಯಲ್ಲಿ ಬೆರೆತುಹೋಗುತ್ತವೆ, ನಾಳೆ ಅನುಮಾನ ಬಂದರೆ ಒಳ್ಳೆಯ ಮನುಷ್ಯನ ಹೆಸರು ಕೆಡುತ್ತದೆ. ಹಾಗೆಯೇ, ಆದಾಯ ತೆರಿಗೆ ಇಲಾಖೆಯ 80ಜಿ ನೋಂದಣಿ ಇಲ್ಲದ ಸಂಘಗಳು ತೆರಿಗೆ ವಿನಾಯಿತಿಯ ಆಸೆ ತೋರಿಸಬಾರದು. ನೋಂದಣಿ ಇದ್ದರೂ ಎರಡು ಸಾವಿರ ರೂಪಾಯಿಗೆ ಮೀರಿದ ನಗದು ದೇಣಿಗೆಗೆ ಆ ವಿನಾಯಿತಿ ಸಿಗುವುದಿಲ್ಲವೆಂದು ದಾನಿಗಳಿಗೆ ಮೊದಲೇ ಹೇಳಬೇಕು.

ಶಿಕ್ಷಣ ಇಲಾಖೆಗೆ ನನ್ನದೊಂದು ಕೋರಿಕೆಯಿದೆ. ಸರ್ಕಾರಿ, ಅನುದಾನಿತ, ಖಾಸಗಿ ಎಂಬ ಭೇದವಿಲ್ಲದೆ ಯಾವ ಶಾಲೆಯೂ ಮಕ್ಕಳ ಕೈಗೆ ಕೂಪನ್ ಅಥವಾ ರಸೀದಿ ಪುಸ್ತಕ ಕೊಟ್ಟು ಹಣ ಸಂಗ್ರಹಕ್ಕೆ ಕಳಿಸಬಾರದೆಂದು ಸ್ಪಷ್ಟ ಮಾತಿನಲ್ಲಿ ಆದೇಶಿಸಲಿ. ಸಂಗ್ರಹಿಸಿದ ಪ್ರತಿ ರೂಪಾಯಿಯ ಲೆಕ್ಕವನ್ನು, ಖರ್ಚನ್ನು ಕಳೆದ ಮೇಲೆ ಉಳಿದದ್ದೆಷ್ಟು ಎಂಬುದರ ಸಮೇತ, ಶಾಲೆಯ ಫಲಕದಲ್ಲಿ ಹಾಕುವುದನ್ನು ಕಡ್ಡಾಯ ಮಾಡಲಿ. ಶಾಲೆಗಳಿಗೆ ಕೊಡಬೇಕಾದ ನಿರ್ವಹಣಾ ಅನುದಾನವನ್ನು ವರ್ಷದ ಆರಂಭದಲ್ಲಿಯೇ ಪೂರ್ತಿಯಾಗಿ ಕೊಟ್ಟರೆ ಫಿನಾಯಿಲಿಗಾಗಿ ನಾವು ವಂತಿಗೆ ಎತ್ತಬೇಕಾಗಿಯೇ ಬರುವುದಿಲ್ಲ ಎಂಬುದನ್ನೂ ವಿನಯಪೂರ್ವಕವಾಗಿ ಸೇರಿಸುತ್ತೇನೆ.

ಆ ಇಬ್ಬರು ಹುಡುಗಿಯರಿಂದ ನಾನು ಕೂಪನ್ ಕೊಳ್ಳಲಿಲ್ಲ. ನೀರು ಕೊಟ್ಟು ಕಳಿಸಿ, ಮರುದಿನ ಅವರ ಶಾಲೆಗೆ ಹೋಗಿ ಮುಖ್ಯ ಶಿಕ್ಷಕರನ್ನು ಕಂಡೆ. ನಮ್ಮ ಸಂಘದ ಧ್ವನಿವರ್ಧಕ ವರ್ಷಕ್ಕೆ ಮೂರು ದಿನ ಬಿಟ್ಟರೆ ಉಳಿದೆಲ್ಲ ದಿನ ಬೀರುವಿನಲ್ಲಿಯೇ ಇರುತ್ತದೆ, ಅದನ್ನು ವಾರ್ಷಿಕೋತ್ಸವಕ್ಕೆ ಒಯ್ಯಬಹುದೆಂದೂ, ಕೊಳ್ಳಲೇಬೇಕೆಂದಿದ್ದರೆ ಅವರ ಹಳೆಯ ವಿದ್ಯಾರ್ಥಿಗಳ ಪಟ್ಟಿ ಮಾಡಲು ನಾವು ಕೈಜೋಡಿಸುತ್ತೇವೆಂದೂ ತಿಳಿಸಿದೆ. ಅವರು ಬೇಸರ ಮಾಡಿಕೊಳ್ಳದೆ ಕೇಳಿಸಿಕೊಂಡರು. ಪ್ರತಿ ವರ್ಷ ಹೀಗೆಯೇ ನಡೆದುಬಂದಿತ್ತು, ಬೇರೆ ದಾರಿ ತೋಚಿರಲಿಲ್ಲ ಎಂದರು. ಉಳಿದ ಪುಸ್ತಕಗಳನ್ನು ಮಕ್ಕಳಿಂದ ವಾಪಸು ತೆಗೆದುಕೊಳ್ಳುವ ಬಗ್ಗೆ ಶನಿವಾರ ಸಮಿತಿಯ ಸಭೆ ಕರೆದಿದ್ದಾರೆ, ನನ್ನನ್ನೂ ಬರಹೇಳಿದ್ದಾರೆ. ರಸಮಂಜರಿಯ ವರ್ಷದ ಲೆಕ್ಕದ ಪುಸ್ತಕವನ್ನು ಹಿಡಿದುಕೊಂಡು ಹೋಗುತ್ತಿದ್ದೇನೆ.

ಇಂತು ತಮ್ಮ ವಿಶ್ವಾಸಿ,
ಹಳೆಯ ವಿದ್ಯಾರ್ಥಿ ಸಂಘವೊಂದರ ಖಜಾಂಚಿ,
ಬೆಂಗಳೂರು